ಹಾಡುತ್ತಾ ಹಾಡುತ್ತಾ ರಾಗ: ಬೀಸುವ ಪದ, ಜೋಗುಳ, ಸೋಬಾನೆ ಮತ್ತು ನಮ್ಮ ಆರೋಗ್ಯ

"ಹಾಡುತ್ತಾ ಹಾಡುತ್ತಾ ರಾಗ, ನರಳುತ್ತಾ ನರಳುತ್ತಾ ರೋಗ" ಎಂಬ ಗಾದೆಯನ್ನು ಕೇಳದ ಕನ್ನಡಿಗರು ಕಡಿಮೆ. ಅಭ್ಯಾಸ ಮಾಡಿದರೆ ಹಾಡು ಕೂಡಿಬರುತ್ತದೆ, ಸದಾ ನರಳುತ್ತಿದ್ದರೆ ಇಲ್ಲದ ಕಾಯಿಲೆಯೂ ಬಂದು ಸೇರುತ್ತದೆ ಎಂಬುದು ಅದರ ಸಾಮಾನ್ಯ ಅರ್ಥ. ಈ ವಾರ ಗಾದೆಯ ಎರಡು ತುದಿಗಳನ್ನೂ ಒಟ್ಟಿಗೆ ಹಿಡಿದು ನೋಡೋಣ. ನಮ್ಮ ಅಜ್ಜಿಯರ ಹಾಡಿಗೂ ಅವರ ಆರೋಗ್ಯಕ್ಕೂ ಏನಾದರೂ ನಂಟಿತ್ತೇ? ಹಾಡು ನಿಂತುಹೋದ ಮನೆಯಲ್ಲಿ ನಾವು ಕಳೆದುಕೊಂಡದ್ದೇನು?

ಈ ಪ್ರಶ್ನೆ ನನ್ನ ತಲೆಗೆ ಹೊಕ್ಕಿದ್ದು ಒಬ್ಬ ರೋಗಿಯಿಂದ. ಹೊಳೆನರಸೀಪುರ ಕಡೆಯ ಹಳ್ಳಿಯ ಅಜ್ಜಿಯೊಬ್ಬರನ್ನು ಮಗ ಕರೆದುಕೊಂಡು ಬಂದಿದ್ದರು. ವಯಸ್ಸು ಎಪ್ಪತ್ತರ ಆಸುಪಾಸು. ಎದೆಭಾರ, ಮೈಕೈ ನೋವು, ರಾತ್ರಿ ನಿದ್ರೆಯಿಲ್ಲ, ಊಟ ಸೇರದು. ಕೈಯಲ್ಲಿ ಪ್ಲಾಸ್ಟಿಕ್ ಕವರ್ ತುಂಬ ಹಳೆಯ ಚೀಟಿಗಳು. ಇಸಿಜಿ ಸರಿಯಾಗಿತ್ತು. ಸಕ್ಕರೆ, ಥೈರಾಯ್ಡ್, ರಕ್ತದ ಅಂಶ ಎಲ್ಲವೂ ಸರಿಯಾಗಿದ್ದವು. ಬಿಪಿ ಮಾತ್ರ ಸ್ವಲ್ಪ ಏರಿತ್ತು.

"ದಿನವೆಲ್ಲ ಏನು ಮಾಡ್ತೀರಾ ಅವ್ವ?" ಎಂದು ಕೇಳಿದೆ.

"ಏನ್ ಮಾಡದು ಸ್ವಾಮಿ, ಮೂಲೇಲಿ ಕುಂತಿರ್ತೀನಿ" ಎಂದರು.

ಮಗ ನಡುವೆ ಬಾಯಿ ಹಾಕಿ, "ನಮ್ಮವ್ವ ಮೊದ್ಲು ಸೋಬಾನೆ ಹೇಳೋರು ಸಾರ್. ಸುತ್ತಲ ಊರಿನೋರು ಮದುವೆಗೆ ಬಂದು ಕರ್ಕೊಂಡು ಹೋಗೋರು. ಈಗ ಎಲ್ಲ ಛತ್ರದಲ್ಲಿ ಮದುವೆ, ಮೈಕ್ ಸೆಟ್ಟು. ಯಾರೂ ಕರೆಯಲ್ಲ" ಎಂದರು. ಅದುವರೆಗೆ ನೆಲ ನೋಡುತ್ತಿದ್ದ ಅಜ್ಜಿ ಆಗ ತಲೆ ಎತ್ತಿದರು. ಅವರ ಕಣ್ಣಿನಲ್ಲಿ ನೀರಿತ್ತು.

ಅವರಿಗೆ ನಾನೇನು ಹೇಳಿದೆ, ಮುಂದೇನಾಯಿತು ಎಂಬುದನ್ನು ಕೊನೆಯಲ್ಲಿ ಹೇಳುತ್ತೇನೆ. ಮೊದಲು ವಿಷಯ ತಿಳಿಯೋಣ.

ಹಾಡಿಗೆ ಬಡತನವಿಲ್ಲದ ಜಿಲ್ಲೆ

ಹಾಸನ ಜಿಲ್ಲೆ ಹಾಡಿನ ಮಟ್ಟಿಗೆ ಶ್ರೀಮಂತ. ಹೇಮಾವತಿ ದಡದ ಗೊರೂರಿನಲ್ಲಿ 1904ರಲ್ಲಿ ಹುಟ್ಟಿದ ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರು ತಮ್ಮ ಸುತ್ತಲಿನ ಹೆಂಗಸರ, ಒಕ್ಕಲು ಮಕ್ಕಳ ಬಾಯಲ್ಲಿದ್ದ ಪದಗಳನ್ನು ಸಂಗ್ರಹಿಸಿ 'ಹಳ್ಳಿಯ ಹಾಡುಗಳು' ಎಂಬ ಪುಸ್ತಕ ಮಾಡಿದರು. ಓದು ಬರಹ ಬಾರದವರ ಹಾಡನ್ನು ಸಾಹಿತ್ಯವೆಂದು ಎಣಿಸುವವರು ಕಡಿಮೆಯಿದ್ದ ಕಾಲದಲ್ಲಿ ಅವರು ಈ ಕೆಲಸಕ್ಕೆ ಕೈ ಹಾಕಿದರು.

ಅರಕಲಗೂಡು ತಾಲ್ಲೂಕಿನಲ್ಲಿ ಕಾವೇರಿ ದಡದ ರುದ್ರಪಟ್ಟಣವಂತೂ ಸಂಗೀತಗಾರರ ಊರೆಂದೇ ಹೆಸರಾಗಿದೆ. ಅಲ್ಲಿ ತಂಬೂರಿಯ ಆಕಾರದ ಗುಡಿಯೂ ಇದೆ. ಆ ಊರಿನಲ್ಲಿ 1920ರಲ್ಲಿ ಹುಟ್ಟಿದ ವಿದ್ವಾನ್ ಆರ್.ಕೆ. ಶ್ರೀಕಂಠನ್ ಅವರು ತೊಂಬತ್ತು ದಾಟಿದ ಮೇಲೂ ವೇದಿಕೆಯಲ್ಲಿ ಕುಳಿತು ಕಚೇರಿ ಮಾಡುತ್ತಿದ್ದರು. 2014ರಲ್ಲಿ ತೀರಿಕೊಂಡಾಗ ಅವರಿಗೆ 94 ವರ್ಷ. ಹಾಡಿದ್ದರಿಂದಲೇ ಅವರು ಅಷ್ಟು ಕಾಲ ಬದುಕಿದರು ಎಂದು ನಾನು ಹೇಳುವುದಿಲ್ಲ. ಒಬ್ಬರ ಬಾಳಿನಿಂದ ಅಂಥ ತೀರ್ಮಾನಕ್ಕೆ ಬರಲು ವೈದ್ಯಶಾಸ್ತ್ರ ಒಪ್ಪುವುದಿಲ್ಲ. ಆದರೆ ಆ ವಯಸ್ಸಿನಲ್ಲಿ ಉಸಿರಿನ ಮೇಲೆ ಅಷ್ಟು ಹಿಡಿತ ಉಳಿದಿತ್ತೆಂದರೆ, ಅದರ ಹಿಂದೆ ದಿನನಿತ್ಯದ ಸಾಧನೆ ಇತ್ತೆಂಬುದರಲ್ಲಿ ಅನುಮಾನವಿಲ್ಲ.

ಆದರೆ ಈ ಲೇಖನ ವಿದ್ವಾಂಸರ ಸಂಗೀತವನ್ನು ಕುರಿತದ್ದಲ್ಲ. ಚನ್ನರಾಯಪಟ್ಟಣದ ತೆಂಗಿನ ತೋಟದ ಮನೆಯಲ್ಲಿ, ಹೊಳೆನರಸೀಪುರದ ಗದ್ದೆ ಬಯಲಿನಲ್ಲಿ, ಹಾಸನದ ಹೊಲಗಳಲ್ಲಿ ಯಾರೂ ಕಲಿಸದೆ ಕಲಿತ ಹಾಡನ್ನು ಕುರಿತದ್ದು. ನಸುಕಿನಲ್ಲಿ ರಾಗಿ ಬೀಸುವಾಗ ಒಂದು ಪದ, ನಾಟಿ ಹಾಕುವಾಗ ಒಂದು, ತೊಟ್ಟಿಲು ತೂಗುವಾಗ ಒಂದು. ಒಸಗೆಗೆ, ಅರಿಶಿನ ಎಣ್ಣೆಗೆ, ಹೆಣ್ಣು ಒಪ್ಪಿಸುವುದಕ್ಕೆ ಸೋಬಾನೆ. ಗೌರಿ ಹಬ್ಬಕ್ಕೆ ಆರತಿ ಹಾಡು. ಶನಿವಾರ ರಾತ್ರಿ ಭಜನೆ ಮನೆಯಲ್ಲಿ ಗಂಡಸರ ತಾಳ. ಹುಟ್ಟಿನಿಂದ ಸಾವಿನವರೆಗೆ ಹಾಡಿಲ್ಲದ ಗಳಿಗೆ ಇರಲಿಲ್ಲ. ಈ ಹಾಡುಗಳಿಗೆ ಕೇಳುಗರು ಬೇರೆ, ಹಾಡುಗರು ಬೇರೆ ಎಂಬ ಭೇದವೂ ಇರಲಿಲ್ಲ.

ಹಾಡುವಾಗ ದೇಹದಲ್ಲಿ ಏನಾಗುತ್ತದೆ?

ಸುಮ್ಮನೆ ಕುಳಿತಿರುವ ವಯಸ್ಕರೊಬ್ಬರು ನಿಮಿಷಕ್ಕೆ ಸುಮಾರು 12ರಿಂದ 20 ಬಾರಿ ಉಸಿರಾಡುತ್ತಾರೆ. ಒಳಗೆಳೆಯುವುದಕ್ಕೂ ಹೊರಬಿಡುವುದಕ್ಕೂ ಹಿಡಿಯುವ ಸಮಯದಲ್ಲಿ ಅಷ್ಟೇನೂ ಅಂತರವಿರುವುದಿಲ್ಲ. ಹಾಡುವಾಗ ಈ ಲೆಕ್ಕ ಬದಲಾಗುತ್ತದೆ. ಚಟಕ್ಕನೆ ಉಸಿರು ಒಳಗೆಳೆದು, ಒಂದು ಸಾಲು ಮುಗಿಯುವವರೆಗೆ ನಿಧಾನವಾಗಿ ಹೊರಬಿಡುತ್ತೇವೆ. ಇದಕ್ಕೆ ಎದೆ ಮತ್ತು ಹೊಟ್ಟೆಯ ನಡುವೆ ಇರುವ ವಪೆ ಎಂಬ ದೊಡ್ಡ ಸ್ನಾಯು, ಪಕ್ಕೆಲುಬುಗಳ ನಡುವಿನ ಸ್ನಾಯುಗಳು, ಹೊಟ್ಟೆಯ ಸ್ನಾಯುಗಳು ಎಲ್ಲವೂ ಕೆಲಸ ಮಾಡಬೇಕು. ಹೀಗೆ ಉಸಿರನ್ನು ನಿಧಾನವಾಗಿ ಬಿಟ್ಟಾಗ, ಹೃದಯದ ಓಟವನ್ನು ತಗ್ಗಿಸುವ ವೇಗಸ್ ಎಂಬ ನರ ಚುರುಕಾಗುತ್ತದೆ. ಹೃದಯದ ಬಡಿತ ನಿಧಾನವಾಗುತ್ತದೆ, ಮೈ ಬಿಗಿತ ಸಡಿಲುತ್ತದೆ.

ಇಟಲಿಯ ವೈದ್ಯರು 2001ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಸ್ವಾರಸ್ಯವಾಗಿದೆ. 23 ಮಂದಿ ಆರೋಗ್ಯವಂತರಿಂದ ಕ್ರೈಸ್ತರ ಜಪಮಾಲೆಯ ಪ್ರಾರ್ಥನೆಯನ್ನೂ ಬೌದ್ಧರ ಮಂತ್ರವನ್ನೂ ಹೇಳಿಸಿ ಅವರು ಉಸಿರು, ನಾಡಿ, ರಕ್ತದೊತ್ತಡಗಳನ್ನು ಅಳೆದರು. ಎರಡೂ ಬಗೆಯಲ್ಲಿ ಉಸಿರಾಟ ನಿಮಿಷಕ್ಕೆ ಸುಮಾರು 6ಕ್ಕೆ ಇಳಿದಿತ್ತು. ರಕ್ತದೊತ್ತಡವನ್ನು ಹದದಲ್ಲಿಡುವ ನರಗಳ ವ್ಯವಸ್ಥೆಯೂ ಚೆನ್ನಾಗಿ ಸ್ಪಂದಿಸಿತ್ತು. ದೇವರು ಬೇರೆ, ಭಾಷೆ ಬೇರೆ, ಉಸಿರಿನ ಲೆಕ್ಕ ಮಾತ್ರ ಒಂದೇ. ನಮ್ಮ ಭಜನೆಯಲ್ಲಿ ಒಬ್ಬರು ಹೇಳಿಕೊಟ್ಟು ಉಳಿದವರು ತಿರುಗಿ ಹೇಳುವ ಕ್ರಮವನ್ನು ಗಮನಿಸಿ. ಹೇಳುವುದು, ನಿಲ್ಲುವುದು, ಮತ್ತೆ ಹೇಳುವುದು ಎಂಬ ಆ ಕ್ರಮವೇ ಉಸಿರಿಗೆ ಒಂದು ಹದ ಕಟ್ಟಿಕೊಡುತ್ತದೆ.

ಸ್ವೀಡನ್ನಿನಲ್ಲಿ 2013ರಲ್ಲಿ ನಡೆದ ಇನ್ನೊಂದು ಅಧ್ಯಯನದಲ್ಲಿ, ಗುಂಪಿನಲ್ಲಿ ಹಾಡುತ್ತಿದ್ದ ಎಳೆಯರ ಹೃದಯದ ಬಡಿತ ಒಟ್ಟೊಟ್ಟಿಗೆ ಏರಿ ಒಟ್ಟೊಟ್ಟಿಗೆ ಇಳಿಯುತ್ತಿದ್ದುದು ಕಂಡುಬಂತು. ಸಾಲು ಒಂದೇ ಆದ್ದರಿಂದ ಉಸಿರೂ ಒಂದಾಗುತ್ತದೆ, ಉಸಿರಿನ ಹಿಂದೆ ಹೃದಯವೂ ಹೋಗುತ್ತದೆ. ಸೋಬಾನೆ ಹೇಳುವಾಗ "ಮೈಯೆಲ್ಲ ಒಂದಾದಂಗೆ ಆಯ್ತದೆ" ಎಂದು ಹೆಂಗಸರು ಹೇಳುವುದಕ್ಕೆ ಹೀಗೊಂದು ದೈಹಿಕ ಆಧಾರವೂ ಇದೆ.

ಉಬ್ಬಸದವರಿಗೆ ಒಂದು ಮಾತು

ಅರಕಲಗೂಡು ತಾಲ್ಲೂಕಿನಲ್ಲಿ ಹೊಗೆಸೊಪ್ಪಿನ ಬೆಳೆ ಹೆಚ್ಚು. ರಾಮನಾಥಪುರದಲ್ಲಿ ಅದರ ಹರಾಜು ಮಾರುಕಟ್ಟೆಯೇ ಇದೆ. ಬ್ಯಾರನ್ನಿನಲ್ಲಿ ಸೊಪ್ಪು ಹದ ಮಾಡುವ ಬೆಂಕಿಯ ಹೊಗೆ, ಅಡುಗೆ ಮನೆಯ ಸೌದೆ ಒಲೆಯ ಹೊಗೆ, ಇವೆರಡರ ಮೇಲೆ ಬೀಡಿ. ಹೀಗೆ ವರ್ಷಗಟ್ಟಲೆ ಹೊಗೆ ಕುಡಿದ ಶ್ವಾಸಕೋಶದಲ್ಲಿ ಗಾಳಿ ಒಳಗೆ ಹೋದರೂ ಪೂರ್ತಿ ಹೊರಗೆ ಬರುವುದಿಲ್ಲ. ನಾಲ್ಕು ಹೆಜ್ಜೆ ಹಾಕಿದರೆ ಏದುಸಿರು ಬರುತ್ತದೆ.

ಇಂಥವರಿಗೆ ನಾವು ತುಟಿ ಮುಚ್ಚಿದಂತೆ ಮಾಡಿ, ಊದಿದ ಹಾಗೆ ನಿಧಾನವಾಗಿ ಉಸಿರು ಬಿಡುವ ವ್ಯಾಯಾಮ ಹೇಳಿಕೊಡುತ್ತೇವೆ. ಹಾಡುವುದೂ ಅದೇ ಜಾತಿಯ ವ್ಯಾಯಾಮ. ಕೆಲವು ದೇಶಗಳಲ್ಲಿ ಇಂಥ ರೋಗಿಗಳಿಗೆಂದೇ ಹಾಡುವ ಗುಂಪುಗಳಿವೆ. ಈವರೆಗೆ ನಡೆದಿರುವ ಅಧ್ಯಯನಗಳು ಚಿಕ್ಕವು. ಹಾಡಿನಿಂದ ಹಾಳಾದ ಶ್ವಾಸಕೋಶ ಸರಿಹೋಗುತ್ತದೆ ಎಂದು ಯಾವುದೂ ಹೇಳುವುದಿಲ್ಲ. ಆದರೆ ಉಸಿರು ಸಿಕ್ಕಿಹಾಕಿಕೊಂಡಾಗ ಹುಟ್ಟುವ ಗಾಬರಿಯನ್ನು ತಡೆಯಲು, ಇರುವ ಉಸಿರನ್ನು ಹದವಾಗಿ ಬಳಸಲು ಹಾಡಿನ ಅಭ್ಯಾಸ ನೆರವಾದೀತು. ಇನ್ಹೇಲರ್ ಬಿಡಬಾರದು, ಬೀಡಿಯನ್ನು ಮಾತ್ರ ಬಿಡಬೇಕು.

ದುಡಿಮೆಯ ಹಾಡಿನೊಳಗಿನ ಗಡಿಯಾರ

ಬೀಸುವ ಕಲ್ಲಿನ ಮುಂದೆ ಇಬ್ಬರು ಹೆಂಗಸರು ಎದುರುಬದುರು ಕುಳಿತು ಒಂದೇ ಗೂಟ ಹಿಡಿದು ತಿರುಗಿಸುವುದನ್ನು ಐವತ್ತು ದಾಟಿದ ಓದುಗರು ಕಂಡಿರುತ್ತೀರಿ. ಪದದ ಓಟಕ್ಕೆ ಕಲ್ಲಿನ ಓಟ. ಇಬ್ಬರ ಕೈಯೂ ಒಂದೇ ಗತಿಯಲ್ಲಿ ಹೋಗದಿದ್ದರೆ ಭಾರವೆಲ್ಲ ಒಬ್ಬರ ಭುಜಕ್ಕೆ ಬೀಳುತ್ತದೆ. ಹಾಡು ಆ ಗತಿಯನ್ನು ಕಾಯುತ್ತಿತ್ತು.

ಇಂದು ವ್ಯಾಯಾಮದ ಬಗ್ಗೆ ಸಲಹೆ ಕೊಡುವಾಗ ವೈದ್ಯರು ಒಂದು ಸುಲಭದ ಪರೀಕ್ಷೆ ಹೇಳುತ್ತಾರೆ. ನಡೆಯುವಾಗ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಆಗ ಅದು ಮಧ್ಯಮ ಶ್ರಮ. ಹಾಡಲೂ ಆಗುತ್ತಿದ್ದರೆ ಅದು ಹಗುರ ಶ್ರಮ. ಮಾತಾಡಲೂ ಆಗದಿದ್ದರೆ ತೀವ್ರ ಶ್ರಮ. ಈ ಅಳತೆಯಿಂದ ನೋಡಿದರೆ, ಹಾಡುತ್ತಾ ನಾಟಿ ಹಾಕುವವರು ತಮಗೆ ತಿಳಿಯದೆಯೇ ತಮ್ಮ ಶ್ರಮಕ್ಕೆ ಒಂದು ಮಿತಿ ಹಾಕಿಕೊಂಡಿರುತ್ತಾರೆ. ಪದ ಹೇಳಲು ಉಸಿರು ಸಾಲದಾದರೆ ಕೆಲಸದ ಓಟ ತಾನೇ ತಗ್ಗುತ್ತದೆ. ದಿನವಿಡೀ ಬಗ್ಗಿ ದುಡಿಯುವವರಿಗೆ ಇದು ಸಣ್ಣ ರಕ್ಷಣೆಯೇನಲ್ಲ.

ಹಾಗೆಂದು ಆ ಕಾಲ ಬಂಗಾರದ್ದು ಎಂದು ನಾನು ಬರೆಯುತ್ತಿಲ್ಲ. ಬೆಳಗಿನ ಜಾವ ಎದ್ದು, ಅರೆಹೊಟ್ಟೆಯಲ್ಲಿ, ಬಸುರಿ ಬಾಣಂತಿಯೆನ್ನದೆ ರಾಗಿ ಬೀಸಿದ ಹೆಂಗಸರ ಭುಜ, ಸೊಂಟ, ಮಂಡಿ ಸವೆದುಹೋದವು. ಮಿಲ್ಲು ಬಂದದ್ದು ಒಳ್ಳೆಯದಾಯಿತು. ಯಾವ ಮಗಳೂ ಸೊಸೆಯೂ ಮತ್ತೆ ಆ ಕಲ್ಲಿನ ಮುಂದೆ ಕೂರುವುದು ಬೇಡ. ಆದರೆ ಕಲ್ಲು ಮೂಲೆ ಸೇರಿದಾಗ ಹಾಡೂ ಅದರ ಜೊತೆಗೆ ಮೂಲೆ ಸೇರಿತು. ನಾಟಿ ಯಂತ್ರ, ಕಳೆನಾಶಕ, ಛತ್ರದ ಮದುವೆ, ಟಿವಿ, ಈಗ ಮೊಬೈಲು ಬಂದಂತೆಲ್ಲ ಒಂದೊಂದು ಹಾಡು ಹೋಯಿತು. ದುಡಿಮೆಯ ಕಷ್ಟ ಹೋಗಲೆಂದು ಬಯಸಿದೆವು. ಅದರೊಡನೆ ಹೋದ ಸಮಾಧಾನದ ಜಾಗಕ್ಕೆ ಮತ್ತೇನನ್ನೂ ತಂದಿಡಲಿಲ್ಲ.

ಹೇಳಲಾಗದ್ದನ್ನು ಹಾಡಬಹುದಿತ್ತು

ಬೀಸುವ ಪದಗಳಲ್ಲಿ ಮೊದಲು ದೇವರನ್ನೂ ಕಲ್ಲನ್ನೂ ರಾಗಿಯನ್ನೂ ನೆನೆಯುವುದು ವಾಡಿಕೆ. ಆಮೇಲೆ ಬರುವುದು ತವರು. ಅಣ್ಣ ಹಬ್ಬಕ್ಕೆ ಕರೆಯಲು ಬರಲಿಲ್ಲ, ಅತ್ತೆಯ ಮಾತು ಬಿರುಸು, ಮಡಿಲಲ್ಲಿ ಕೂಸಿಲ್ಲ, ಗಂಡನಿಗೆ ಬೇರೊಬ್ಬಳ ಮೋಹ. ಎದುರು ನಿಂತು ಆಡಿದರೆ ಜಗಳವಾಗುವ ಮಾತನ್ನು ಪದವಾಗಿ ಹೇಳಿದರೆ ಯಾರೂ ತಪ್ಪು ಹಿಡಿಯುತ್ತಿರಲಿಲ್ಲ. ಅತ್ತೆಯೂ ಅದೇ ಪದವನ್ನು ತಾನು ಸೊಸೆಯಾಗಿದ್ದಾಗ ಹೇಳಿದವಳೇ. ಎದುರಿಗೆ ಗೂಟ ಹಿಡಿದ ಓರಗಿತ್ತಿ ಪಲ್ಲವಿ ಸೇರಿಸುತ್ತಿದ್ದಳು. ಅಂದರೆ ದುಃಖವನ್ನು ಹೇಳಿಕೊಳ್ಳಲು ಒಂದು ಹೊತ್ತು, ಒಂದು ಜಾಗ, ಕೇಳಲು ಒಂದು ಜೀವ ದಿನವೂ ಸಿಗುತ್ತಿದ್ದವು.

ಇಂದು ಮನೋವೈದ್ಯರು ಖಿನ್ನತೆಯ ರೋಗಿಗೆ ಮೊದಲು ಮಾಡುವ ಉಪಕಾರವೂ ಇದೇ: ಹೇಳಲು ಬಿಟ್ಟು, ಅಡ್ಡಿ ಮಾಡದೆ ಕೇಳುವುದು. ನನ್ನ ಬಳಿ ಎದೆಭಾರ, ತಲೆಭಾರ, ಮೈಯುರಿ ಎಂದು ಬರುವ ಎಷ್ಟೋ ಹೆಂಗಸರಿಗೆ ಪರೀಕ್ಷೆಯಲ್ಲಿ ಏನೂ ಸಿಗುವುದಿಲ್ಲ. "ಏನೂ ಇಲ್ಲ, ಸುಮ್ನೆ ಹೇಳ್ತಾಳೆ" ಎಂದು ಮನೆಯವರು ತಳ್ಳಿಹಾಕುತ್ತಾರೆ. ಇದು ದೊಡ್ಡ ತಪ್ಪು. ಬಾಯಿಗೆ ಬಾರದ ದುಃಖ ಮೈಯಿಂದ ಮಾತಾಡುತ್ತದೆ. ಅದು ನಟನೆಯಲ್ಲ, ಚಿಕಿತ್ಸೆ ಬೇಕಾದ ಕಾಯಿಲೆ.

ಹಾಡನ್ನು ಕಸಿದುಕೊಂಡರೆ ಜನಕ್ಕೆ ಏನಾಗುತ್ತದೆ ಎಂಬುದಕ್ಕೆ ದೂರದ ಒಂದು ಉದಾಹರಣೆ ಇದೆ. ಯೂರೋಪಿನ ಉತ್ತರ ತುದಿಯಲ್ಲಿ, ನಾರ್ವೆ, ಸ್ವೀಡನ್, ಫಿನ್ಲೆಂಡ್ ಮತ್ತು ರಷ್ಯಾಗಳ ಹಿಮದ ನಾಡಿನಲ್ಲಿ ಸಾಮಿ ಎಂಬ ಮೂಲನಿವಾಸಿ ಜನರಿದ್ದಾರೆ. ಹಿಮಸಾರಂಗ ಮೇಯಿಸುವುದು ಅವರಲ್ಲಿ ಹಲವರ ಕಸುಬು. ಅವರ ಹಾಡಿಗೆ ಯೋಯಿಕ್ ಎಂದು ಹೆಸರು. ಒಬ್ಬ ವ್ಯಕ್ತಿಗೆ, ಒಂದು ಬೆಟ್ಟಕ್ಕೆ, ಒಂದು ಪ್ರಾಣಿಗೆ ಎಂದು ಬೇರೆ ಬೇರೆ ಯೋಯಿಕ್ ಇರುತ್ತದೆ. ಅದು ಆ ವ್ಯಕ್ತಿಯ ಬಗ್ಗೆ ಕಟ್ಟಿದ ಹಾಡಲ್ಲ, ಹಾಡಿದಾಗ ಆ ವ್ಯಕ್ತಿಯೇ ಬಂದಂತೆ ಎಂಬುದು ಅವರ ಭಾವನೆ. ತೀರಿಕೊಂಡವರನ್ನು, ದೂರವಿರುವವರನ್ನು ಅವರು ಹೀಗೆ ಹತ್ತಿರ ಕರೆದುಕೊಳ್ಳುತ್ತಾರೆ.

ಪಾದ್ರಿಗಳು ಇದನ್ನು ಪಾಪವೆಂದರು. ಶಾಲೆಗಳಲ್ಲಿ ಅವರ ಭಾಷೆಯನ್ನೂ ಹಾಡನ್ನೂ ತುಳಿದರು. ತಮ್ಮದನ್ನು ಕಂಡರೆ ತಮಗೇ ನಾಚಿಕೆಪಡುವ ತಲೆಮಾರುಗಳು ಬೆಳೆದವು. ಕಳೆದ ಶತಮಾನದ ಕೊನೆಯ ದಶಕಗಳಲ್ಲಿ ಎಳೆಯರು ಅದನ್ನು ಮತ್ತೆ ಎತ್ತಿಕೊಂಡರು. 1994ರಲ್ಲಿ ನಾರ್ವೆಯ ಲಿಲ್ಲೆಹಾಮರ್‌ನಲ್ಲಿ ನಡೆದ ಚಳಿಗಾಲದ ಒಲಿಂಪಿಕ್ಸ್ ಉದ್ಘಾಟನೆಯಲ್ಲಿ ಇಡೀ ಜಗತ್ತು ಯೋಯಿಕ್ ಕೇಳಿತು. ಈಗ ಅಲ್ಲಿನ ಸಂಶೋಧಕರು ಯೋಯಿಕ್‌ಗೂ ಸಾಮಿಗಳ ಮನಸ್ಸಿನ ನೆಮ್ಮದಿಗೂ ಇರುವ ನಂಟನ್ನು ಅಧ್ಯಯನ ಮಾಡುತ್ತಿದ್ದಾರೆ.

ನಮ್ಮಲ್ಲಿ ಯಾರೂ ಹಾಡಬೇಡಿ ಎಂದು ಕಟ್ಟಳೆ ಮಾಡಲಿಲ್ಲ. ಆದರೂ "ಅದೆಲ್ಲ ಹಳ್ಳಿ ಹಾಡು" ಎಂದು ನಾವೇ ನಾಚಿಕೊಂಡೆವು. ಅಂಕೋಲಾದ ಹಾಲಕ್ಕಿ ಸಮಾಜದ ಸುಕ್ರಿ ಬೊಮ್ಮಗೌಡ ಅವರನ್ನು ನೆನೆಯಿರಿ. ಓದು ಬಾರದ ಆ ತಾಯಿ ತಮ್ಮ ಜನರ ಹಾಡುಗಳನ್ನೆಲ್ಲ ನೆನಪಿನಲ್ಲೇ ಉಳಿಸಿ ಎಳೆಯರಿಗೆ ಕಲಿಸಿದರು. ಊರಿನ ಸಾರಾಯಿಯ ವಿರುದ್ಧವೂ ಹೋರಾಡಿದರು. 2017ರಲ್ಲಿ ಪದ್ಮಶ್ರೀ ಬಂತು; 2025ರಲ್ಲಿ ತೀರಿಕೊಂಡರು. ಹಾಡು ಆಕೆಗೆ ಬರಿಯ ಕಾಲಕ್ಷೇಪವಾಗಿದ್ದರೆ ಇದಾವುದೂ ಆಗುತ್ತಿರಲಿಲ್ಲ.

ಜೋಗುಳ: ಕೂಸಿಗೂ ತಾಯಿಗೂ

ಜೋಗುಳ ಕೂಸಿಗೆ ಎಂದು ನಾವು ತಿಳಿದಿದ್ದೇವೆ. ಅದು ತಾಯಿಗೂ ಹೌದು. ಅಮೆರಿಕದ 11 ಆಸ್ಪತ್ರೆಗಳಲ್ಲಿ, ದಿನ ತುಂಬದೆ ಹುಟ್ಟಿದ 272 ಶಿಶುಗಳ ಮೇಲೆ ನಡೆದ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು. ತಂದೆತಾಯಿಯರ ಇಷ್ಟದ ಜೋಗುಳವನ್ನು ಹತ್ತಿರ ಕುಳಿತು ಮೆಲ್ಲನೆ ಹಾಡಿದಾಗ ಶಿಶುಗಳ ಹೃದಯದ ಬಡಿತ ಹದಕ್ಕೆ ಬಂತು, ಹೀರುವ ಮತ್ತು ಹಾಲು ಕುಡಿಯುವ ಶಕ್ತಿ ಸುಧಾರಿಸಿತು. ತಂದೆತಾಯಿಯರ ಆತಂಕವೂ ತಗ್ಗಿತು.

ಹೆರಿಗೆಯಾದ ಮೊದಲ ಒಂದೆರಡು ವಾರ ಬಾಣಂತಿಗೆ ಕಾರಣವಿಲ್ಲದೆ ಅಳು ಬರುವುದು ಸಾಮಾನ್ಯ. ಅದು ಎರಡು ವಾರ ಮೀರಿದರೆ, ಮಗುವನ್ನು ಎತ್ತಿಕೊಳ್ಳಲು ಮನಸ್ಸು ಬಾರದಿದ್ದರೆ, ಮಗು ಮಲಗಿದ್ದಾಗಲೂ ನಿದ್ರೆ ಬಾರದಿದ್ದರೆ, "ನಾನು ಯಾಕಾದರೂ ಇದ್ದೇನೋ" ಎಂಬ ಮಾತು ಬಂದರೆ ಅದು ಬಾಣಂತಿಯ ಖಿನ್ನತೆ. ಗಾಳಿ ಸೋಕಿದೆ, ಕಣ್ಣು ಬಿದ್ದಿದೆ ಎಂದು ತಾಯಿತ ಕಟ್ಟಿಸುತ್ತಾ ಕಾಲ ಕಳೆಯಬಾರದು. ಇಂಗ್ಲೆಂಡಿನಲ್ಲಿ 134 ತಾಯಂದಿರ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಮಗುವನ್ನು ಎತ್ತಿಕೊಂಡು ಹತ್ತು ವಾರ ಗುಂಪಿನಲ್ಲಿ ಹಾಡಿದವರು, ಖಿನ್ನತೆ ಹೆಚ್ಚಿದ್ದರೂ, ಹಾಡದವರಿಗಿಂತ ಬೇಗ ಚೇತರಿಸಿಕೊಂಡರು. ಹತ್ತು ವಾರದ ಹೊತ್ತಿಗೆ ಉಳಿದವರೂ ಸುಧಾರಿಸಿದ್ದರು. ಆದರೆ ಹಾಲೂಡುವ ತಾಯಿಗೆ ಮೊದಲ ವಾರಗಳಲ್ಲೇ ನೆಮ್ಮದಿ ಸಿಕ್ಕರೆ ಅದರ ಬೆಲೆ ದೊಡ್ಡದು.

ಬಾಣಂತಿಯನ್ನು ಕತ್ತಲೆ ಕೋಣೆಯಲ್ಲಿ ಒಂಟಿಯಾಗಿ ಮಲಗಿಸಿ, ಕೈಗೊಂದು ಮೊಬೈಲು ಕೊಡುವ ಬದಲು ಅಜ್ಜಿ, ಅತ್ತೆ, ಅತ್ತಿಗೆ ತೊಟ್ಟಿಲ ಸುತ್ತ ಕುಳಿತು ನಾಲ್ಕು ಜೋಗುಳ ಹೇಳಿ. ಕಂಠ ಚೆನ್ನಾಗಿಲ್ಲ ಎಂಬ ಸಂಕೋಚ ಬೇಡ. ಕೂಸು ಶ್ರುತಿ ಹಿಡಿದು ನೋಡುವುದಿಲ್ಲ.

ಮಾತು ಹೋದ ಮೇಲೂ ಹಾಡು

ಮೆದುಳಿನ ಎಡಭಾಗಕ್ಕೆ ಲಕ್ವ ಹೊಡೆದಾಗ ಬಲಗೈ ಬಲಗಾಲು ಬೀಳುವುದರ ಜೊತೆಗೆ ಹಲವರಿಗೆ ಮಾತೂ ನಿಂತುಹೋಗುತ್ತದೆ. ನೀರು ಎಂಬ ಒಂದು ಪದಕ್ಕೆ ಒದ್ದಾಡುವ ಅಂಥವರು ಕೆಲವೊಮ್ಮೆ ಹಳೆಯ ಭಜನೆಯ ಇಡೀ ಚರಣವನ್ನು ತಡೆಯಿಲ್ಲದೆ ಹಾಡಿಬಿಡುತ್ತಾರೆ. ಮನೆಯವರು ಇದನ್ನು ಪವಾಡವೆಂದು ತಿಳಿಯುವುದುಂಟು. ಪವಾಡವೇನಲ್ಲ. ಬಹುಪಾಲು ಜನರಲ್ಲಿ ಮಾತಿನ ಕೇಂದ್ರ ಮೆದುಳಿನ ಎಡಭಾಗದಲ್ಲಿರುತ್ತದೆ. ರಾಗಕ್ಕೆ, ಬಾಯಿಪಾಠವಾದ ಹಾಡಿಗೆ ಬಲಭಾಗವೂ ನೆರವಾಗುತ್ತದೆ. ಇದನ್ನೇ ಆಧಾರ ಮಾಡಿಕೊಂಡು, ಬೇಕಾದ ಮಾತನ್ನು ರಾಗವಾಗಿ ಎಳೆದು ಹೇಳಿಸಿ ಮಾತು ಕಲಿಸುವ ಚಿಕಿತ್ಸೆಯೊಂದನ್ನು ಅಮೆರಿಕದ ವೈದ್ಯರು 1973ರಲ್ಲಿ ರೂಪಿಸಿದರು. ಮಾತಿನ ಚಿಕಿತ್ಸಕರು ಇಂದಿಗೂ ಅದನ್ನು ಬಳಸುತ್ತಾರೆ. ಎಲ್ಲರಿಗೂ ಫಲ ಕೊಡದಿದ್ದರೂ ಕೆಲವರಿಗೆ ಮಾತಿನ ಬಾಗಿಲು ಇದರಿಂದ ತೆರೆದಿದೆ.

ಇಲ್ಲೊಂದು ಎಚ್ಚರಿಕೆ. ಬಾಯಿ ಸೊಟ್ಟಗಾದರೆ, ಕೈ ಸೋತರೆ, ಮಾತು ತೊದಲಿದರೆ ಎಣ್ಣೆ ತಿಕ್ಕುತ್ತಾ ಕೂರಬೇಡಿ. ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಇಂಜೆಕ್ಷನ್ ಕೊಡಲು ನಾಲ್ಕೂವರೆ ಗಂಟೆಯೊಳಗೆ ಸ್ಕ್ಯಾನ್ ಸೌಲಭ್ಯವಿರುವ ದೊಡ್ಡ ಆಸ್ಪತ್ರೆ ಸೇರಬೇಕು. 108ಕ್ಕೆ ಫೋನ್ ಮಾಡಿ. ಹಾಡಿನ ಮಾತು ಆಮೇಲೆ.

ಮರೆಗುಳಿತನದ ಹಿರಿಯರಿಗೂ ಹಾಡು ಒಳ್ಳೆಯ ಊರುಗೋಲು. ಮಗನ ಹೆಸರು ಮರೆತವರು ಎಳವೆಯಲ್ಲಿ ಕಲಿತ ಹಾಡನ್ನು ಮರೆಯದೆ ಇರುವುದನ್ನು ನೀವೂ ಕಂಡಿರಬಹುದು. ಫಿನ್ಲೆಂಡಿನಲ್ಲಿ 89 ಮಂದಿ ರೋಗಿಗಳು ಮತ್ತು ಅವರನ್ನು ನೋಡಿಕೊಳ್ಳುವವರ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹತ್ತು ವಾರ ಪರಿಚಿತ ಹಾಡುಗಳನ್ನು ಹಾಡಿದ ಅಥವಾ ಕೇಳಿದ ರೋಗಿಗಳ ಮನಸ್ಥಿತಿ, ನೆನಪು ಸ್ವಲ್ಪ ಸುಧಾರಿಸಿದವು.

ಹಾಡು ಔಷಧಿಗೆ ಬದಲಲ್ಲ

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕಲೆ ಮತ್ತು ಆರೋಗ್ಯದ ಬಗ್ಗೆ 3000ಕ್ಕೂ ಹೆಚ್ಚು ಅಧ್ಯಯನಗಳನ್ನು ಪರಿಶೀಲಿಸಿ ವರದಿ ಹೊರತಂದಿತು. ಹಾಡು, ಕುಣಿತ, ಕಥೆ ಇವು ಆರೋಗ್ಯ ಕಾಯುವುದಕ್ಕೂ ಚಿಕಿತ್ಸೆಗೆ ಜೊತೆಯಾಗುವುದಕ್ಕೂ ಉಪಯುಕ್ತ ಎಂಬುದು ಅದರ ಸಾರ. 'ಜೊತೆಯಾಗುವುದಕ್ಕೆ' ಎಂಬ ಮಾತನ್ನು ಓದುಗರು ಗಟ್ಟಿಯಾಗಿ ಹಿಡಿದುಕೊಳ್ಳಬೇಕು.

2025ರ ಮೇ ಮತ್ತು ಜೂನ್ ತಿಂಗಳಲ್ಲಿ ನಮ್ಮ ಜಿಲ್ಲೆಯಲ್ಲಿ ಹೃದಯಾಘಾತದ ಸಾವುಗಳ ಸುದ್ದಿ ಮೇಲಿಂದ ಮೇಲೆ ಬಂದು ಜನ ಗಾಬರಿಯಾದದ್ದು ನೆನಪಿರಬಹುದು. ಸರ್ಕಾರ ತಜ್ಞರ ಸಮಿತಿ ನೇಮಿಸಿತು. ಸತ್ತವರಲ್ಲಿ ಹಲವರಿಗೆ ಮಧುಮೇಹ, ಬಿಪಿ, ಧೂಮಪಾನ, ಮದ್ಯಪಾನದಂಥ ಹಳೆಯ ಕಾರಣಗಳೇ ಇದ್ದವು. ಆ ದಿನಗಳಲ್ಲಿ ಹಲವರು "ಹೃದಯಕ್ಕೆ ಒಳ್ಳೆಯದೊಂದು ಉಪಾಯ ಹೇಳಿ ಡಾಕ್ಟ್ರೇ" ಎಂದು ಕೇಳುತ್ತಿದ್ದರು. ಒಂದೇ ಉಪಾಯ ಎಂಬುದಿಲ್ಲ. ಬಿಪಿ ಮಾತ್ರೆ, ಸಕ್ಕರೆಯ ಹತೋಟಿ, ತಂಬಾಕಿನಿಂದ ದೂರ, ದಿನವೂ ನಡಿಗೆ ಇವು ಅಡಿಪಾಯ. ಹಾಡು ಆ ಮನೆಯ ಕಿಟಕಿ. ಅಡಿಪಾಯವಿಲ್ಲದೆ ಕಿಟಕಿ ನಿಲ್ಲದು.

ಮನೆಯಲ್ಲಿ ಏನು ಮಾಡಬಹುದು?

1. ದಿನಕ್ಕೆ ಹದಿನೈದು ಇಪ್ಪತ್ತು ನಿಮಿಷ, ದೀಪ ಹಚ್ಚುವ ಹೊತ್ತಿಗೋ ಊಟದ ನಂತರವೋ, ಟಿವಿ ಮೊಬೈಲು ಆರಿಸಿ ಮನೆಯವರೆಲ್ಲ ಕುಳಿತು ಹಾಡಿ. ಭಜನೆ, ಭಾವಗೀತೆ, ವಚನ, ಸಿನಿಮಾ ಹಾಡು, ನಿಮ್ಮ ಧರ್ಮದ ಪ್ರಾರ್ಥನೆ ಯಾವುದಾದರೂ ಸರಿ.

2. ಕೇಳುವುದಕ್ಕಿಂತ ಹಾಡುವುದು ಮೇಲು. ಉಸಿರಿನ ಲಾಭ ಸಿಗುವುದು ಹಾಡಿದವರಿಗೆ.

3. ಬೆನ್ನು ನೇರ ಮಾಡಿ ಕುಳಿತು ಹಾಡಿ. ಉಸಿರು ಮುಗಿಯುವ ಮೊದಲೇ ನಿಲ್ಲಿಸಿ. ತಲೆ ಸುತ್ತಿದರೆ, ಎದೆ ನೋವಾದರೆ ಕೂಡಲೇ ನಿಲ್ಲಿಸಿ ವೈದ್ಯರನ್ನು ಕಾಣಿ. ಇತ್ತೀಚೆಗೆ ಕಣ್ಣಿನ, ಹೊಟ್ಟೆಯ ಅಥವಾ ಹೃದಯದ ಆಪರೇಷನ್ ಆದವರು ಮೊದಲು ಕೇಳಿ ತಿಳಿದುಕೊಳ್ಳಿ.

4. ಮನೆಯ ಹಿರಿಯರಿಂದ ವಾರಕ್ಕೊಂದು ಪದ ಕಲಿಯಲು ಮಕ್ಕಳಿಗೆ ಹೇಳಿ. ಮೊಬೈಲಿನಲ್ಲಿ ದಾಖಲಿಸಿಕೊಳ್ಳಲಿ. ಮೊಬೈಲಿನಿಂದ ಇಂಥ ಉಪಕಾರವೂ ಆಗಲಿ. ಅಜ್ಜಿಗೆ ತಾನು ಬೇಕಾದವಳು ಎನ್ನಿಸುವುದೇ ಅರ್ಧ ಔಷಧಿ.

5. ಮದುವೆ, ಒಸಗೆ, ನಾಮಕರಣದಲ್ಲಿ ಅರ್ಧ ಗಂಟೆ ಮೈಕ್ ನಿಲ್ಲಿಸಿ ಸೋಬಾನೆಯವರನ್ನು ಕೂರಿಸಿ. ವೀಳ್ಯ, ದಕ್ಷಿಣೆ ಕೊಟ್ಟು ಮರ್ಯಾದೆ ಮಾಡಿ.

6. ಭಜನೆಗೆ ದೊಡ್ಡ ಧ್ವನಿವರ್ಧಕ ಬೇಡ. ಅದು ಕಿವಿಗೂ ಕಾಯಿಲೆಯವರಿಗೂ ಓದುವ ಮಕ್ಕಳಿಗೂ ಹಿಂಸೆ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಅದನ್ನು ಬಳಸುವಂತೆಯೇ ಇಲ್ಲ.

7. ಗಂಟಲು ಕಾಯ್ದುಕೊಳ್ಳಿ. ನೀರು ಕುಡಿಯಿರಿ, ಕಿರುಚಬೇಡಿ. ಗಂಟಲು ಮೂರು ವಾರಕ್ಕಿಂತ ಹೆಚ್ಚು ಕಾಲ ಒಡೆದಿದ್ದರೆ, ಅದರಲ್ಲೂ ಬೀಡಿ, ಹೊಗೆಸೊಪ್ಪಿನ ಚಟವಿದ್ದರೆ, ಕಿವಿ ಮೂಗು ಗಂಟಲು ತಜ್ಞರಿಗೆ ತೋರಿಸಲೇಬೇಕು.

8. ಎರಡು ವಾರಕ್ಕಿಂತ ಹೆಚ್ಚು ಕಾಲ ದುಃಖ, ನಿದ್ರೆಗೇಡು, ಯಾವುದರಲ್ಲೂ ಆಸಕ್ತಿಯಿಲ್ಲದಿರುವುದು ಇದ್ದರೆ ಹಾಡೊಂದನ್ನೇ ನಂಬಿ ಕೂರಬೇಡಿ. ವೈದ್ಯರನ್ನು ಕಾಣಿ. ಸಾಯುವ ಮಾತು ಬಂದರೆ ತಡಮಾಡಬೇಡಿ. 2022ರಲ್ಲಿ ಆರಂಭವಾದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು. ಕನ್ನಡದಲ್ಲೇ ಮಾತಾಡಬಹುದು, ಖರ್ಚಿಲ್ಲ.

ಇನ್ನು ಆ ಅಜ್ಜಿಯ ವಿಷಯ. ಅವರಿಗಿದ್ದದ್ದು ಖಿನ್ನತೆ. ಅದಕ್ಕೆ ಮಾತ್ರೆ ಬರೆದೆ, ಬಿಪಿಗೂ ಕೊಟ್ಟೆ. ಚೀಟಿಯ ಕೊನೆಯಲ್ಲಿ ಮಗನಿಗೆ ಓದಲೆಂದು ಇನ್ನೊಂದು ಸಾಲು ಬರೆದೆ: ದಿನವೂ ಸಂಜೆ ಮೊಮ್ಮಗಳಿಗೆ ಒಂದು ಪದ ಹೇಳಿಕೊಡುವುದು. ಮಗ ನಕ್ಕರು. ಅಜ್ಜಿ ನಗಲಿಲ್ಲ. "ಅವಳಿಗೆಲ್ಲಿ ಬೇಕು ಸ್ವಾಮಿ ಇವೆಲ್ಲ" ಎಂದರು.

ಎರಡು ತಿಂಗಳ ಮೇಲೆ ಮೊಮ್ಮಗಳ ಜೊತೆ ಬಂದರು. ನಿದ್ರೆ ಬರುತ್ತಿತ್ತು, ಊಟ ಸೇರುತ್ತಿತ್ತು. ಮಂಡಿನೋವು ಹಾಗೆಯೇ ಇತ್ತು. ಗುಣವಾದದ್ದು ಮಾತ್ರೆಯಿಂದಲೋ ಹಾಡಿನಿಂದಲೋ ಬಿಡಿಸಿ ಹೇಳಲು ನನ್ನಿಂದ ಆಗದು. ಎರಡೂ ಬೇಕಿತ್ತು ಎಂದೇ ನನ್ನ ನಂಬಿಕೆ. ಹೊರಡುವಾಗ ಹೈಸ್ಕೂಲಿನ ಆ ಹುಡುಗಿ ತನ್ನ ನೋಟ್ ಪುಸ್ತಕ ತೋರಿಸಿದಳು. ಅದರಲ್ಲಿ ಮೂವತ್ತೊಂದು ಪದಗಳನ್ನು ಬರೆದುಕೊಂಡಿದ್ದಳು. "ಇನ್ನೂ ಎಷ್ಟಿವೆ ಅವ್ವ?" ಎಂದು ಕೇಳಿದೆ.

"ಇನ್ನೂ ಈಗ ಶುರುವಾಗೈತೆ ಸ್ವಾಮಿ" ಎಂದರು ಅಜ್ಜಿ.